ಮರುಜೋಡಿಸಿದ ಹಳೆಯ ಕಾರಿನ ಎಂಜಿನ್ ಚಾಲೂ ಆಗದೆ ಕಾರ್ಬುರೇಟರಿನಿಂದ ಬೆಂಕಿ ಉಗುಳುತ್ತಿದೆ, ಏಕೆ?

ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ, ಆದರೂ ಕಾರ್ಬುರೇಟರ್ ಢಬ್ ಎನ್ನುತ್ತಿದೆ ಎಂದರೆ ನನ್ನ ಮೊದಲ ಅನುಮಾನ ಡಿಸ್ಟ್ರಿಬ್ಯೂಟರ್ ಮೇಲೆ, ಅಂದರೆ ಕಿಡಿಯನ್ನು ಸರದಿಯಂತೆ ಪ್ರತಿ ಸಿಲಿಂಡರಿನ ಪ್ಲಗ್ಗಿಗೆ ಹಂಚುವ ಭಾಗದ ಮೇಲೆ. ಅದನ್ನು 180 ಡಿಗ್ರಿ ತಿರುಗಿಸಿ ಕೂರಿಸಿರಬಹುದು. ಪಳಗಿದ ಮೆಕ್ಯಾನಿಕ್‌ಗಳೂ ಇಲ್ಲಿ ಎಡವುತ್ತಾರೆ.

ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ತಿರುಗಿದರೆ ಡಿಸ್ಟ್ರಿಬ್ಯೂಟರ್ ತಿರುಗುವುದು ಒಂದೇ ಸುತ್ತು. ಹಾಗಾಗಿ ಕ್ರ್ಯಾಂಕಿನ ಪುಲ್ಲಿಯ ಮೇಲಿನ ಟೈಮಿಂಗ್ ಗುರುತು ಸರಿಯಾಗಿ ಕೂಡಿದ್ದರೂ ಒಂದನೇ ಪಿಸ್ಟನ್ ಕಂಪ್ರೆಷನ್‌ನಲ್ಲಿದೆಯೋ (ಮಿಶ್ರಣವನ್ನು ಒತ್ತುವ ಹಂತ) ಎಗ್ಸಾಸ್ಟ್‌ನ (ಹೊಗೆ ಹೊರದಬ್ಬುವ ಹಂತ) ಕೊನೆಯಲ್ಲಿದೆಯೋ ಎಂಬುದು ಅದರಿಂದ ತಿಳಿಯುವುದಿಲ್ಲ. ಇಗ್ನಿಷನ್ ಆಫ್ ಮಾಡಿ, ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಕ್ರ್ಯಾಂಕನ್ನು ಕೈಯಿಂದಲೇ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದೇ ಕಂಪ್ರೆಷನ್. ಹಾಗೆಯೇ ಗುರುತು ಕೂಡುವವರೆಗೆ ತಿರುಗಿಸಿದಾಗ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಒಂದನೇ ಪ್ಲಗ್ಗಿನ ತಂತಿಯತ್ತ ಮುಖ ಮಾಡಿರಬೇಕು. ಎದುರು ದಿಕ್ಕಿಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಡಿಸ್ಟ್ರಿಬ್ಯೂಟರನ್ನು ಎತ್ತಿ ಅರ್ಧ ಸುತ್ತು ತಿರುಗಿಸಿ ಕೂರಿಸಿ.

ರೋಟರ್ ಸರಿಯಿದ್ದರೆ ಪ್ಲಗ್ ತಂತಿಗಳ ಕ್ರಮ, ಅಂದರೆ ಸಿಲಿಂಡರುಗಳಿಗೆ ಕಿಡಿ ತಲುಪುವ ಸರದಿ, ನೋಡಿ. ನಾಲ್ಕು ಸಿಲಿಂಡರಿನ ಬಹುತೇಕ ಎಂಜಿನ್‌ಗಳಲ್ಲಿ ಅದು 1-3-4-2. ನಿಮ್ಮ ಕಾರಿನ ಕೈಪಿಡಿಯದೇ ಅಂತಿಮ.

ಅಲ್ಲಿಯವರೆಗೆ ಸ್ಟಾರ್ಟರನ್ನು ಸುಮ್ಮನೆ ತಿರುಗಿಸುತ್ತಿರಬೇಡಿ. ಹೊಸ ಕ್ಯಾಮ್‌ಗೆ (ವಾಲ್ವ್‌ಗಳನ್ನು ತೆರೆಯುವ ದಂಡ) ಬಳಿದ ಗ್ರೀಸ್ ಅಳಿಸಿ ಹೋಗಿ ಅದು ಸವೆಯಬಹುದು, ಆಮೇಲೆ ಮತ್ತೆ ಎಂಜಿನ್ ಬಿಚ್ಚುವ ಕೆಲಸ.