ಅರ್ಧ ಇಂಚು ಹೂಮಳೆ ಬಂದಿದೆ, ಸ್ಪ್ರಿಂಕ್ಲರ್ ಹಾಕಬೇಕಾ ಕಾಯಬೇಕಾ?

ನೀವು ಕೇಳಿರುವುದು ಇಷ್ಟು: ಕೊಡಗಿನ ಸುಂಟಿಕೊಪ್ಪದ ಹತ್ತಿರ 3 ಎಕರೆ ರೋಬಸ್ಟಾ ಕಾಫಿ, ಮೊನ್ನೆ ರಾತ್ರಿ 50 ಸೆಂಟ್ (ಅರ್ಧ ಇಂಚು) ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಕೆರೆಯಲ್ಲಿ ನೀರು ಕಡಿಮೆ, ಮಾರ್ಚ್ ಇನ್ನೂ ಪೂರ್ತಿ ಇದೆ, ಇನ್ನೊಂದು ಮಳೆಗೆ ಕಾಯೋಣವಾ ಅಂತ.

ಕಾಯಬೇಡಿ. ಇವತ್ತೇ ಪೈಪ್ ಎಳೆಯಿರಿ.

ರೋಬಸ್ಟಾಗೆ ಮಳೆಯೇ ಬರದಿದ್ದರೂ ಮೊಗ್ಗು ಸ್ವಲ್ಪ ದಿನ ಸುಮ್ನೆ ಮಲಗಿರುತ್ತದೆ. ಆದರೆ ಅರೆಬರೆ ಮಳೆ ಬಂದರೆ ಅದು ಎದ್ದುಬಿಡುತ್ತದೆ, ಅರಳುವಷ್ಟು ನೀರು ಮಾತ್ರ ಸಿಗುವುದಿಲ್ಲ. ಸರಿಯಾಗಿ ಅರಳಬೇಕಾದರೆ ಹೆಚ್ಚುಕಡಿಮೆ 1 ಇಂಚು, ಅಂದರೆ 100 ಸೆಂಟ್ ಬೇಕು. ನನ್ನ ತೋಟದಲ್ಲಿ ಒಂದು ವರ್ಷ 40 ಸೆಂಟ್ ಬಿತ್ತು. ಮೋಡ ಕಟ್ಟಿತ್ತು, ನಾಳೆ ಬರುತ್ತದೆ ಅಂತ ನಾಲ್ಕು ದಿನ ಕಾದೆ. ಬರಲಿಲ್ಲ. ಐದನೇ ದಿನ ಗಿಡದ ರೆಕ್ಕೆ (ಅಡ್ಡ ಕೊಂಬೆ) ಬಗ್ಗಿಸಿ ನೋಡಿದರೆ ಬೆಳ್ಳಗೆ ಉದ್ದವಾಗಬೇಕಿದ್ದ ಮೊಗ್ಗು ಗಿಡ್ಡಗೆ ನಿಂತು ತುದಿಯಲ್ಲಿ ನಸುಗೆಂಪಾಗಿತ್ತು, ಉಗುರಿನಲ್ಲಿ ಒತ್ತಿದರೆ ಪುಡಿಯಾಯಿತು. ಆ ಭಾಗದಲ್ಲಿ ಆ ವರ್ಷ ಕೊಯ್ಯಲು ಏನೂ ಇರಲಿಲ್ಲ. ಆ ಸಂಕಟ ನಿಮಗೆ ಬೇಡ.

ಈಗ ನೀರಿನ ಲೆಕ್ಕ. 1 ಎಕರೆಗೆ 1 ಇಂಚು ಅಂದರೆ ಸುಮಾರು 1 ಲಕ್ಷ ಲೀಟರ್. ನಿಮಗೆ ಕೊರತೆ ಇರುವುದು ಅರ್ಧ ಇಂಚು, 3 ಎಕರೆಗೆ ಒಂದೂವರೆ ಲಕ್ಷ ಲೀಟರ್ ಆಯಿತು. ಇಷ್ಟಕ್ಕೇ ಮುಗಿಯುವುದಿಲ್ಲ, ಹೂ ಬಿದ್ದ ಮೇಲೆ, ಮೊದಲ ನೀರಿನಿಂದ ಸುಮಾರು 20 ದಿನದೊಳಗೆ ಬ್ಯಾಕಿಂಗ್ ಮಳೆ (ಹೂಮಳೆಯ ಹಿಂದೆ ಬರುವ ಎರಡನೇ ಮಳೆ) ಬರದಿದ್ದರೆ ಮತ್ತೊಮ್ಮೆ ಹಾಕಬೇಕು, ಇಲ್ಲದಿದ್ದರೆ ಕಚ್ಚಿದ ಮಿಡಿ ಉದುರುತ್ತದೆ. ಎರಡಕ್ಕೂ ಕೆರೆ ಸಾಲದು ಅನಿಸಿದರೆ ಮೂರೂ ಎಕರೆಗೆ ತೆಳ್ಳಗೆ ಚಿಮುಕಿಸಬೇಡಿ. ಒಳ್ಳೆ ಗಿಡ ಇರುವ ಒಂದೂವರೆ ಎಕರೆ ಆರಿಸಿ, ಅದಕ್ಕೆ ಪೂರ್ತಿ ಕೊಡಿ. ಬಿಟ್ಟ ಭಾಗ ನೋಡುವಾಗ ಹೊಟ್ಟೆ ಉರಿಯುತ್ತದೆ, ಗೊತ್ತು, ಆದರೂ ಅದೇ ಸರಿ.

ಇನ್ನೊಂದು ಮಾತು. ಆ 50 ಸೆಂಟ್ ನಿಮ್ಮ ಮಾಪಕದಲ್ಲಿ ಅಳೆದದ್ದಾ, ಪಕ್ಕದ ತೋಟದವರು ಹೇಳಿದ್ದಾ? ಬೇಸಿಗೆ ಮಳೆ ನಮ್ಮಲ್ಲಿ ಒಂದು ಬರೆಯ (ದಿಣ್ಣೆಯ) ಈಚೆ ಸುರಿದು ಆಚೆ ಹನಿಯೂ ಬೀಳದೆ ಹೋಗುತ್ತದೆ ಅಲ್ವಾ. ಹಾಗಾಗಿ ಮಾಪಕ ನಿಮ್ಮದೇ ತೋಟದಲ್ಲಿ, ಮರದ ಹನಿ ಬೀಳದ ಬಯಲು ಜಾಗದಲ್ಲಿ ಇರಲಿ.

ನೀರು ಕೊಟ್ಟ ಏಳೆಂಟು ದಿನಕ್ಕೆ ಹೂ ಅರಳುತ್ತದೆ. ಆ ಎರಡು ಮೂರು ದಿನ ಸ್ಪ್ರಿಂಕ್ಲರ್ ಮುಟ್ಟಬೇಡಿ, ಔಷಧಿಯನ್ನಂತೂ ಹೊಡೆಯಲೇಬೇಡಿ. ಅರೇಬಿಕಾ ತನ್ನದೇ ಪರಾಗದಲ್ಲಿ ಕಾಯಿ ಕಟ್ಟುತ್ತದೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ತೋಟದಲ್ಲಿ ನಿಂತು ಕೇಳಿ, ಇಡೀ ತೋಟ ಗುಂಯ್ ಅನ್ನಬೇಕು. ಆ ಸದ್ದು ಕೇಳಿದರೆ ನನಗೆ ಅರ್ಧ ಚಿಂತೆ ಇಳಿಯುತ್ತದೆ.

ಮರಕಪಾತು, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಈಗಲೇ ಮಾಡಿಸಬೇಡಿ, ಆಳು ಸಿಕ್ಕಿದ್ದಾರೆ ಅಂತಲೂ ಬೇಡ. ಏಪ್ರಿಲ್ ಬಿಸಿಲಿಗೆ ನೆರಳು ಬೇಕು. ತರಗೆಲೆಯನ್ನೂ ಗುಡಿಸದೆ ಬುಡದಲ್ಲೇ ಬಿಡಿ. ಮೆಣಸಿನ ಎಳೆ ಬಳ್ಳಿ ಇದ್ದರೆ ಬುಡಕ್ಕೆ ಒಂದೆರಡು ಕೊಡ ನೀರು, ಮೇಲೆ ಸೊಪ್ಪು ಮುಚ್ಚಿ. ದೊಡ್ಡ ಬಳ್ಳಿ ತೆನೆ ಬಿಡುವುದು ಹೇಗೂ ಜೂನ್ ಮಳೆ ಹಿಡಿದ ಮೇಲೆ.

ನೀರು ಹಾಕಿ ಐದನೇ ದಿನಕ್ಕೆ ಮೊಗ್ಗು ಯಾವ ಬಣ್ಣದಲ್ಲಿದೆ ನೋಡಿ ಇಲ್ಲೇ ಬರೆಯಿರಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು.