40 ಅಂಗಿಗೆ ತಂದ ಬಟ್ಟೆ ಸಾಲದೆ ಹೋದದ್ದೇಕೆ

ಸಾಗರದ ಅಕ್ಕ, 40 ಶಾಲಾ ಅಂಗಿಗೆಂದು ತಂದ ಚೆಕ್ಸ್ ಬಟ್ಟೆ ಮೂರು ಮೀಟರ್ ಸಾಲದೆ ಹೋಯಿತು, ಆದರೂ ಚೀಲದ ತುಂಬ ಚೂರು ಉಳಿಯಿತು ಎಂದು ಬರೆದಿದ್ದೀರಿ. ಅಂಗಡಿಯವರ ಅಳತೆ ತಪ್ಪಿರಲಿಕ್ಕಿಲ್ಲ. 28, 30, 32, 34 ಅಳತೆಗಳನ್ನು ಬೇರೆ ಬೇರೆಯಾಗಿ ಕತ್ತರಿಸಿದೆ ಎಂದಿದ್ದೀರಲ್ಲ, ಬಟ್ಟೆ ಹೋದದ್ದು ಅಲ್ಲೇ.

ನಾನು ಆರು ವರ್ಷ ಶಿವಮೊಗ್ಗದ ಒಂದು ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಕೆಲಸ ಮಾಡಿದ್ದೇನೆ. ಅಲ್ಲಿ ಬಟ್ಟೆ ಮುಟ್ಟುವ ಮೊದಲು ಮಾರ್ಕರ್ ಸಿದ್ಧವಾಗಬೇಕು. ಅಂದರೆ ಬಟ್ಟೆಯ ಪನ್ನದಷ್ಟೇ (ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗಿನ ಅಗಲದಷ್ಟೇ) ಅಗಲದ ಉದ್ದ ಕಾಗದದಲ್ಲಿ ಅಂಗಿಯ ಎಲ್ಲ ಭಾಗಗಳನ್ನೂ ಒತ್ತೊತ್ತಾಗಿ ಜೋಡಿಸಿ ಗೆರೆ ಎಳೆದ ನಕ್ಷೆ. ನಿಮಗೆ ನಾಲ್ಕೂ ಅಳತೆಯಲ್ಲಿ ಹತ್ತು ಹತ್ತು ಅಂಗಿ ಬೇಕು. ಅಳತೆಗೊಂದರಂತೆ ನಾಲ್ಕು ಅಂಗಿಗಳನ್ನು ಒಂದೇ ಮಾರ್ಕರ್‌ನಲ್ಲಿ ಕೂರಿಸಿ, ಅದರ ಕೆಳಗೆ ಹತ್ತು ಪದರ ಬಟ್ಟೆ ಹಾಸಿ ಒಟ್ಟಿಗೆ ಕತ್ತರಿಸಿದರೆ ಮುಗಿಯಿತು. ಕೈಕತ್ತರಿಯಾದರೆ ಐದೈದು ಪದರದಂತೆ ಎರಡು ಸಲ ಹಾಸಿ. 34ರ ಬೆನ್ನಿನ ಪಕ್ಕ ಉಳಿಯುವ ಜಾಗದಲ್ಲಿ 28ರ ತೋಳು ಕೂರುತ್ತದೆ. ಮೊದಲು ದೊಡ್ಡ ಭಾಗಗಳನ್ನು ಇಡಿ, ಕಂಕುಳ ಬಾಗಿನಲ್ಲಿ ಉಳಿದ ಸಂದಿಗೆ ಕಾಲರ್, ಜೇಬು ತೂರಿಸಿ. ಅಂಗಿಗೆ 10 ಸೆಂ.ಮೀ. ಉಳಿದರೂ 40 ಅಂಗಿಗೆ 4 ಮೀಟರ್ ಆಯಿತು.

ಪನ್ನವನ್ನು ಥಾನಿನ ನಾಲ್ಕೈದು ಕಡೆ ಅಳೆಯಿರಿ. ಎಲ್ಲಿ ಅತಿ ಕಡಿಮೆಯೋ ಅದರಲ್ಲಿ ಎರಡೂ ಅಂಚು ಕಳೆದು ಉಳಿದದ್ದೇ ಮಾರ್ಕರ್‌ನ ಅಗಲ.

ಜಾಗ ಉಳಿಸುವ ಆಸೆಗೆ ಮುಂಭಾಗವನ್ನು ಓರೆಯಾಗಿ ಮಾತ್ರ ಇಡಬೇಡಿ. ಎಳೆಯ ಗೆರೆ (ಬಟ್ಟೆಯ ಉದ್ದ ನೂಲಿನ ದಿಕ್ಕು ತೋರಿಸಲು ಭಾಗದ ಮೇಲೆ ಹಾಕುವ ಗೆರೆ) ಅಂಚಿಗೆ ಸಮಾನಾಂತರವಾಗಿ ಇರದಿದ್ದರೆ ನಾಲ್ಕು ಒಗೆತಕ್ಕೆ ಅಂಗಿ ತಿರುಚಿಕೊಳ್ಳುತ್ತದೆ, ಮಕ್ಕಳು ಅದನ್ನೇ ವರ್ಷವಿಡೀ ಹಾಕಿಕೊಳ್ಳಬೇಕು. ಚೆಕ್ಸ್ ಎರಡೂ ದಿಕ್ಕಿನಿಂದ ಒಂದೇ ರೀತಿ ಕಾಣದಿದ್ದರೆ ಯಾವ ಭಾಗವನ್ನೂ ತಲೆಕೆಳಗು ಮಾಡುವಂತಿಲ್ಲ. ಜೇಬಿನ ಗೆರೆ ಎದೆಯ ಗೆರೆಗೆ ಹೊಂದಬೇಕಾದ್ದರಿಂದ ಚೆಕ್ಸ್‌ಗೆ ಸಾದಾ ಬಟ್ಟೆಗಿಂತ ಸ್ವಲ್ಪ ಹೆಚ್ಚೇ ಹಿಡಿಯಿರಿ.

ಇನ್ನೊಂದು ಮಾತು, ನಾನು ಅತ್ತು ಕಲಿತದ್ದು. ಎಲ್ಲ ಪದರಗಳ ಹೊರಮೈ ಮೇಲಕ್ಕಿರುವಂತೆ ಹಾಸಿದರೆ ಎಡ, ಬಲ ಎರಡನ್ನೂ ಮಾರ್ಕರ್‌ನಲ್ಲಿ ಬರೆಯಲೇಬೇಕು. ಮೊದಲ ವರ್ಷ ಒಂದೇ ತೋಳನ್ನು ಎರಡು ಸಲ ಬರೆದು, ಹದಿನಾರು ಪದರದಲ್ಲಿ ಬರೀ ಎಡ ತೋಳು ಕತ್ತರಿಸಿಟ್ಟಿದ್ದೆ. ಅಂದಿನಿಂದ ಪ್ರತಿ ಭಾಗದ ಮೇಲೂ ಅಳತೆ ಮತ್ತು ಎಡ ಅಥವಾ ಬಲ ಎಂದು ಬರೆಯದೆ ಕತ್ತರಿ ಎತ್ತಿಲ್ಲ.

ಹತ್ತಿ ಬಟ್ಟೆಯಾದರೆ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಅಳೆಯಿರಿ. ನಮ್ಮ ಮಳೆಗಾಲದಲ್ಲಿ ಹಗ್ಗದ ಮೇಲೆ ಎರಡು ದಿನ ಇದ್ದರೂ ತೇವ ಒಳಗೇ ಉಳಿದಿರುತ್ತದೆ, ಆತುರ ಬೇಡ.

ಸಾಲದೆ ಹೋದ ಅಂಗಿಗಳ ಬಟ್ಟೆ ತಂದ ಮೇಲೆ ಮಾರ್ಕರ್ ಬರೆದು, ಪನ್ನ ಎಷ್ಟೆಂದು ಸೇರಿಸಿ ಇಲ್ಲಿ ಫೋಟೊ ಹಾಕಿ. ಕತ್ತರಿಸುವ ಮುನ್ನ ನೋಡಿ ಹೇಳುತ್ತೇನೆ.