ಐದು ಕೋರ್ಸು, ನಾಲ್ಕೂವರೆ ಗಂಟೆ ನಿದ್ದೆ

ಮಂಗಳೂರಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುವ, ಕಾಪುವಿನ 27 ವರ್ಷದ ಯುವತಿಯ ಪತ್ರವನ್ನು ಮೂರು ಸಲ ಓದಿದೆ. ಡೇಟಾ ವಿಶ್ಲೇಷಣೆಯ ಕೆಲಸಕ್ಕೆ ಸೇರಬೇಕೆಂಬುದು ಅವರ ಆಸೆ. ಅದಕ್ಕಾಗಿ ಪೈಥಾನ್, ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ), ಪವರ್ ಬಿಐ, ಕ್ಲೌಡ್, ಜೊತೆಗೆ ಜರ್ಮನ್ ಭಾಷೆ, ಹೀಗೆ ಐದು ಆನ್‌ಲೈನ್ ಕೋರ್ಸುಗಳಿಗೆ ದುಡ್ಡು ಕಟ್ಟಿದ್ದಾರೆ. ಬೆಳಗಿನ ನಾಲ್ಕೂವರೆಗೆ ಎದ್ದು ಒಂದು, ರಾತ್ರಿ ಹನ್ನೆರಡರವರೆಗೆ ಇನ್ನೊಂದು. ಏಳು ತಿಂಗಳಾಯಿತು, ಒಂದೂ ಮುಗಿದಿಲ್ಲ. "ನನಗೆ ಏಕಾಗ್ರತೆಯೇ ಇಲ್ಲ, ಏನು ಮಾಡಲಿ?" ಎಂದು ಕೇಳಿದ್ದಾರೆ.

ತಂಗೀ, ಪತ್ರದ ಕೊನೆಯಲ್ಲಿ ಏನೂ ಅಲ್ಲವೆಂಬಂತೆ ಒಂದು ಸಾಲು ಬರೆದಿದ್ದೀರಿ: "ಬಸ್ಸಿನಲ್ಲಿ ವಿಡಿಯೊ ನೋಡುತ್ತ ನಿದ್ದೆ ಬಂದು, ಕಾಪುವಿನಲ್ಲಿ ಇಳಿಯಬೇಕಾದವಳು ಎರಡು ಸಲ ಉಡುಪಿಯಲ್ಲಿ ಎದ್ದೆ." ರಾತ್ರಿ ಎಂಟೂವರೆ, ಹೊರಗೆ ಮಳೆ, ಕಂಡಕ್ಟರ್ ಎಬ್ಬಿಸಿದಾಗ ಮಡಿಲಲ್ಲಿ ಬಿದ್ದಿದ್ದ ಮೊಬೈಲಿನಲ್ಲಿ ಪಾಠ ತನ್ನಷ್ಟಕ್ಕೆ ಓಡುತ್ತಿತ್ತಂತೆ. ನಿಮಗೆ ಬೇಕಾಗಿರುವುದು ನಿದ್ದೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು, ನಿಮಗೆ ಸಿಗುತ್ತಿರುವುದು ನಾಲ್ಕೂವರೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆಯೇ ಬೇಕು. ಎಸ್‌ಕ್ಯೂಎಲ್‌ನಲ್ಲಿ ಎರಡು ಪಟ್ಟಿಗಳನ್ನು ಜೋಡಿಸುವ 'ಜಾಯಿನ್' ಪಾಠವನ್ನು ಮೂರು ಸಲ ನೋಡಿಯೂ ಸಂದರ್ಶನದಲ್ಲಿ ಒಂದು ಸಾಲು ಬರೆಯಲಾಗಲಿಲ್ಲ ಎಂದು ನಿಮ್ಮನ್ನೇ ಹಳಿದುಕೊಂಡಿದ್ದೀರಿ. ಅಷ್ಟು ದಣಿದ ತಲೆ ಇನ್ನೇನು ಕೊಟ್ಟೀತು?

ನನಗೆ ಸಿಟ್ಟು ಬಂದಿರುವುದು ನಿಮ್ಮ ಬೆಂಗಳೂರಿನ ಭಾವನ ಮೇಲೆ. ನೀವು ಅವರನ್ನು ಮಾರ್ಗದರ್ಶಕರೆಂದು ಹೊಗಳಿದ್ದೀರಿ. ಪ್ರತಿ ಭಾನುವಾರ ಹೊಸ ಕೋರ್ಸಿನ ಲಿಂಕ್ ಕಳುಹಿಸಿ "ಇದು ಗೊತ್ತಿಲ್ಲದಿದ್ದರೆ ಮುಂದೆ ಕಷ್ಟ" ಎನ್ನುವವರು, ಕಳೆದ ವಾರದ್ದು ಎಲ್ಲಿಗೆ ಬಂತು ಎಂದು ಒಮ್ಮೆಯಾದರೂ ಕೇಳಿದ್ದಾರೆಯೇ? ದಾರಿ ತೋರಿಸುವವರು ಮೊದಲು ಕೇಳಬೇಕಾದದ್ದು ಅದನ್ನು. ಗಂಜಿ ಬಡಿಸಿಕೊಂಡು ಕಾದು ಕೂರುವ ನಿಮ್ಮ ಅಮ್ಮ "ಸಾಕು, ಮಲಗು" ಎನ್ನುತ್ತಾರಲ್ಲ, ಆ ಮಾತಿನಲ್ಲಿ ಹೆಚ್ಚು ವಿವೇಕವಿದೆ.

ಈ ಅಂಕಣದಲ್ಲಿ ಪಿಗ್ಮಿಯ ಮಾತನ್ನು ಮತ್ತೆ ಮತ್ತೆ ಎತ್ತುತ್ತೇನೆ, ಇವತ್ತೂ ಎತ್ತುತ್ತೇನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಆರಂಭಿಸಿದ ಉಳಿತಾಯ ಯೋಜನೆ ಅದು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ನನ್ನ ತಂದೆಯ ಪುಟ್ಟ ಅಂಗಡಿಗೂ ಸಂಜೆ ಪಿಗ್ಮಿಯವರು ಬರುತ್ತಿದ್ದರು. ವ್ಯಾಪಾರ ಜೋರಾಗಿ ನಡೆದ ದಿನವೂ ಅಪ್ಪ ಕಟ್ಟುತ್ತಿದ್ದುದು ಅದೇ ಮೊತ್ತ. ಜಡಿಮಳೆಯ ಆಟಿ ತಿಂಗಳಲ್ಲಿ, ಗಿರಾಕಿಗಳೇ ಬಾರದ ದಿನಗಳಲ್ಲಿಯೂ ಅಷ್ಟನ್ನು ಕಟ್ಟಲು ಸಾಧ್ಯವಾಗಬೇಕು ಎಂಬುದು ಅವರ ಲೆಕ್ಕ. ನನ್ನ ಅಕ್ಕನ ಮದುವೆಯ ಬಳೆಗಳು ಆ ದುಡ್ಡಿನವು.

ನೀವು ಮಾಡಬೇಕಾದದ್ದು ಒಂದೇ. ಎಸ್‌ಕ್ಯೂಎಲ್ ಇಟ್ಟುಕೊಂಡು ಉಳಿದ ನಾಲ್ಕನ್ನು ಮೂರು ತಿಂಗಳು ಮುಟ್ಟಬೇಡಿ. ಡೇಟಾ ಕೆಲಸದಲ್ಲಿ ನಿತ್ಯ ಬೇಕಾಗುವುದು ಅದು, ಈಗಿನ ಟೆಸ್ಟಿಂಗ್ ಕೆಲಸದಲ್ಲಿಯೂ ಉಪಯೋಗಕ್ಕೆ ಬರುತ್ತದೆ. ವಾರಕ್ಕೆ ಐದು ದಿನ, ಬೆಳಿಗ್ಗೆ ಆರಕ್ಕೆ, 40 ನಿಮಿಷ ಸಾಕು. ಮೊದಲ ಹತ್ತು ನಿಮಿಷ ವಿಡಿಯೊ ತೆರೆಯದೆ, ಹಿಂದಿನ ದಿನ ಕಲಿತದ್ದನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ತಪ್ಪಾದರೆ ಆಗಲಿ. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಬಸ್ಸಿನಲ್ಲಿ ಪಾಠ ಬೇಡವೇ ಬೇಡ.

ಮೂರು ತಿಂಗಳ ಮೇಲೆ, ಎಲ್ಲಿಯೂ ನೋಡದೆ ನೀವೇ ಎಸ್‌ಕ್ಯೂಎಲ್‌ನಲ್ಲಿ ಬರೆದ ಒಂದು ಕ್ವೆರಿಯನ್ನು, ಅಂದರೆ ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆಯನ್ನು, ನನಗೆ ಕಳುಹಿಸಿ. ಕಾಯುತ್ತಿರುತ್ತೇನೆ.